ಬಾಳೆಗುಂಡಿಯ ಗುಡ್ಡೆ

ಇವತ್ತು ಚಂದ್ರ ಕಾಣದಿರಲಿ ಎಂದು ಬೇಡಿಕೊಂಡವಳು ಆ ಸಂಜೆ ನಾಗಶ್ರೀ ಒಬ್ಬಳೇ ಇರಬೇಕು. ಉಳಿದವರೆಲ್ಲ ತಾರಸಿಗಳ ಮೇಲೆ ನಿಂತು ಪಡುವಣ ದಿಕ್ಕಿಗೇ ಕಣ್ಣು ನೆಟ್ಟಿದ್ದರು.

ಯುಗಾದಿಯ ಸಂಜೆ. ಕೊಪ್ಪಲಿನವರು ಹೊಸ ವರ್ಷದ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಬೀಳಬೇಕು. ರಸ್ತೆಯಾಚೆಯ ಬಡಾವಣೆಯ ಮುಸ್ಲಿಮರು ಅದೇ ಚಂದ್ರನನ್ನು ನೋಡಿ ತಿಂಗಳ ಉಪವಾಸ ಮುಗಿಸಬೇಕು. ಎರಡೂ ಈ ಸಲ ಒಂದೇ ಸಂಜೆಗೆ ಬಂದಿದ್ದವು. ಮಗಳನ್ನು ಕಂಕುಳಲ್ಲಿ ಇರುಕಿಕೊಂಡು ನಾಗಶ್ರೀ ತನ್ನ ತಾರಸಿಯಲ್ಲಿ ನಿಂತಿದ್ದರೆ, ರಸ್ತೆಯಾಚೆಯ ತಾರಸಿಯಲ್ಲಿ ರುಕ್ಸಾರ್ ತಲೆಯ ಮೇಲಿನ ಸೆರಗು ಜಾರಿದ್ದೂ ಗೊತ್ತಿಲ್ಲದೆ ಆಕಾಶ ನೋಡುತ್ತಿದ್ದಳು. ಇಬ್ಬರೂ ಸೋಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಅಕ್ಕಪಕ್ಕದ ಮಿಷನ್ನಿನವರು.

"ಏನೇ ಅದು, ಬಾಯಲ್ಲೇ ಮಣಮಣ ಅಂತಿದೀಯಾ?" ಎಂದು ಕೂಗಿದಳು ರುಕ್ಸಾರ್.

"ನಿಮ್ಮ ಚಂದ್ರ ಒಂದಿನ ತಡವಾಗಿ ಬರ್ಲಿ ಅಂತ ಕೇಳ್ಕೋತಾ ಇವ್ನಿ ಕಣೇ."

"ಥೂ ನಿನ್ನ! ನಾನಿಲ್ಲಿ ತಿಂಗ್ಳಿಂದ ಒಟ್ಟೆ ಕಟ್ಕೊಂಡಿವ್ನಿ. ನಿನ್ ಬಾಯಿಗೆ ಬೇವು ಆಕ!"

"ಬೆಳಿಗ್ಗೇನೇ ತಿಂದಿವ್ನಿ ಬುಡು."

ಅಷ್ಟರಲ್ಲಿ ಬಡಾವಣೆಯ ಮೂಲೆಯಿಂದ ಒಂದು ಕೇಕೆ ಎದ್ದಿತು. ಅದರ ಹಿಂದೆಯೇ ಇನ್ನೊಂದು. ತೆಂಗಿನ ಗರಿಗಳ ಸಂದಿಯಲ್ಲಿ, ಉಗುರು ಕತ್ತರಿಸಿ ಎಸೆದಂತೆ ಸಣ್ಣ ಬಿಳಿ ಗೆರೆ. ಕೆಳಗೆ ಜಗಲಿಯಲ್ಲಿದ್ದ ನಾಗಶ್ರೀಯ ಮಾವ ಲಿಂಗಯ್ಯ ಎದ್ದು ನಿಂತು ಎರಡೂ ಕೈ ಎತ್ತಿ, "ಕಂಡ ಕಣ್ರವ್ವಾ! ಕಂಡ! ಕೊಂಬು ಎರಡೂ ಸಮನಾಗವೆ, ಮಳೆ ಬೆಳೆ ಸಂದಾಗಾಯ್ತದೆ!" ಎಂದು ಊರಿಗೇ ಕೇಳುವಂತೆ ಸಾರಿದ. ಪಟಾಕಿ ಹಾರಿತು. ರುಕ್ಸಾರ್ ತಾರಸಿಯಲ್ಲೇ ಒಂದು ಸುತ್ತು ತಿರುಗಿ, "ನಾಳೆ ಈದ್! ನಾಳೇನೇ ಈದ್!" ಎಂದು ಕುಣಿದಳು.

ನಾಗಶ್ರೀಗೂ ನಗು ಬಂತು. ಮನಸ್ಸು ಮಾತ್ರ ನಾಳೆಯ ಲೆಕ್ಕ ಹಾಕುತ್ತಿತ್ತು. ನಾಳೆ ಈದ್ ಎಂದರೆ ರುಕ್ಸಾರಳ ಮಾವ ಜಕೀವುಲ್ಲಾ ಬೆಳಿಗ್ಗೆ ಮದ್ದೂರಿನ ಈದ್ಗಾದಲ್ಲಿ ಇರುತ್ತಾನೆ. ನಾಳೆಯೇ ಹೊಸತೊಡಕು. ಕುರಿಮರಿ ಕುಯ್ಯಬೇಕಾದವನೂ ಅವನೇ.

*

ಯುಗಾದಿಯ ಮಾರನೆಯ ದಿನ ಕೊಪ್ಪಲಿನಲ್ಲಿ ಗುಡ್ಡೆ ಬಾಡು. ಊರವರೆಲ್ಲ ಸೇರಿ ಮರಿಗಳನ್ನು ತಂದು, ಹೊಂಗೆಮರದ ಕೆಳಗೆ ಕುಯ್ದು, ಬಾಳೆಎಲೆಗಳ ಮೇಲೆ ಸಮಸಮನಾಗಿ ಗುಡ್ಡೆ ಹಾಕುತ್ತಾರೆ. ತಕ್ಕಡಿ ಇಲ್ಲ. ಕಲೀಜ, ಬೋಟಿ, ಮೂಳೆ, ತೊಡೆಯ ತುಂಡು, ಎಲ್ಲವೂ ಎಲ್ಲ ಗುಡ್ಡೆಗೂ ಬರಬೇಕು. ಮನೆಗೊಂದು ಗುಡ್ಡೆ. ಯಾವುದು ಯಾರಿಗೆ ಎಂದು ಜಗಳ ಬರಬಾರದೆಂದು ಒಬ್ಬ ಗುಡ್ಡೆಗಳಿಗೆ ಬೆನ್ನು ಮಾಡಿ ನಿಲ್ಲುತ್ತಾನೆ. ಇನ್ನೊಬ್ಬ ಕೋಲಿನಿಂದ ಒಂದು ಗುಡ್ಡೆ ತೋರಿಸಿ, "ಇದು ಯಾರ್ದು?" ಎನ್ನುತ್ತಾನೆ. ಬೆನ್ನು ಮಾಡಿದವನು ನೋಡದೆ ಒಂದು ಮನೆಯ ಹೆಸರು ಕೂಗುತ್ತಾನೆ. ಆ ಮನೆಯವರು ಬಂದು ಆ ಗುಡ್ಡೆ ಎತ್ತಿಕೊಳ್ಳುತ್ತಾರೆ. ಕೊಪ್ಪಲಿನಲ್ಲಿ ಕೂಗುವವನು ಲಿಂಗಯ್ಯ. ಅವನಿಗೆ ಮುಂಚೆ ಅವನ ಅಪ್ಪ.

ರಸ್ತೆಯಾಚೆ ಆಗ ಗದ್ದೆಯಿತ್ತು. ಈಗ ಬಡಾವಣೆ. ಮೊದಲು ಒಂದೆರಡು ಮನೆ ಎದ್ದವು, ಮಾಸ್ತರು, ಕಂಡಕ್ಟರು. ಆಮೇಲೆ ಸೋಮನಹಳ್ಳಿಯ ಫ್ಯಾಕ್ಟರಿಗಳಿಗೆ ಜನ ಬಂದರು. ಮದ್ದೂರಿನ ಪೇಟೆಬೀದಿ ಸಾಲದಾಗಿ ಜಕೀವುಲ್ಲಾನಂಥವರು ಸೈಟು ಕೊಂಡರು. ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುವವರು ಬಾಡಿಗೆಗೆ ಬಂದರು. ಒಡಿಶಾದವರು, ಬಿಹಾರದವರು, ಅನಂತಪುರದವರು, ಮಳವಳ್ಳಿ ಕಡೆಯವರು. ಗದ್ದೆ ಮಾರಿದ ಕೊಪ್ಪಲಿನವರ ಕೈಗೂ ತಿಂಗಳ ಸಂಬಳ ಬಂತು. ನಾಗಶ್ರೀಯ ಗಂಡ ಅಶೋಕ್ ಕಬ್ಬಿನ ಗಾಡಿ ಬಿಟ್ಟು ಲಗೇಜು ಆಟೋ ಹಿಡಿದ. ಗುಡ್ಡೆಯ ದುಡ್ಡನ್ನು ಮುಂಚೆ ಕಬ್ಬಿನ ಬಿಲ್ಲು ಬಂದ ಮೇಲೆ ಕೊಡುತ್ತಿದ್ದರು. ಈಗ ಹಬ್ಬ ಮುಗಿದ ವಾರದೊಳಗೆ ಫೋನಿನಲ್ಲೇ ಲಿಂಗಯ್ಯನಿಗೆ ಬಂದು ಬೀಳುತ್ತದೆ. ಗುಡ್ಡೆ ಮಾತ್ರ ರಸ್ತೆ ದಾಟಿರಲಿಲ್ಲ.

ಹೋದ ವರ್ಷ ಒಂದು ಘಟನೆ ನಡೆಯಿತು. ನಾಗಶ್ರೀಯ ಲೈನಿಗೆ ಹೊಸದಾಗಿ ಸೇರಿದ್ದ ಒಡಿಶಾದ ಪ್ರಿಯಾಂಕ, ಜನ ಪಾತ್ರೆ ಹಿಡಿದು ಹೊಂಗೆಮರದ ಕಡೆ ಹೋಗುವುದನ್ನು ಕಂಡು, ಹಬ್ಬದ ದಿನ ಎಲ್ಲರಿಗೂ ಹಂಚುತ್ತಾರೆ ಎಂದುಕೊಂಡು ತಾನೂ ಒಂದು ಸ್ಟೀಲ್ ಡಬ್ಬ ಹಿಡಿದು ಬಂದು ನಿಂತಳು. "ನಿಂದ್ಯಾವ ಮನೆ?" ಎಂದ ಕೊಪ್ಪಲಿನ ಕೆಂಪಸಿದ್ದಯ್ಯ. ಅವಳಿಗೆ ಆಗ ಕನ್ನಡ ಬರುತ್ತಿರಲಿಲ್ಲ. ಡಬ್ಬ ತೋರಿಸಿ ನಕ್ಕಳು. "ಇದು ಊರೋರ್ಗೆ ಕಣವ್ವ, ಓಗು" ಎಂದು ಕೈಯಲ್ಲೇ ಅಟ್ಟಿದರು. ಮಾರನೆಯ ದಿನ ಮಿಷನ್ನಿನ ಮುಂದೆ ಪ್ರಿಯಾಂಕ ನಾಗಶ್ರೀಯ ಮುಖ ನೋಡಲಿಲ್ಲ. ನಾಗಶ್ರೀಗೂ ಅವಳ ಮುಖ ನೋಡಲು ಆಗಲಿಲ್ಲ.

ಅವತ್ತಿನಿಂದ ನಾಗಶ್ರೀಯದು ಒಂದೇ ಜಪ. ಬರೋ ವರ್ಷ ಗುಡ್ಡೆ ಇಬ್ಬರಿಗೂ ಸೇರಬೇಕು, ಕೊಪ್ಪಲಿಗೂ ಬಡಾವಣೆಗೂ. ಹೊಲಿಗೆಯಿಂದ ಬೆನ್ನು ನೋಯುತ್ತಿದ್ದರೂ ಸಂಜೆ ಸೊಪ್ಪು ಸೋಸುತ್ತ ಮಾವನ ಕಿವಿಯ ಹತ್ತಿರ ಅದೇ ರಾಗ. ಲಿಂಗಯ್ಯ ಕೊನೆಗೆ ಒಪ್ಪಿದ್ದು ಸಂಕ್ರಾಂತಿ ಕಳೆದ ಮೇಲೆ, ಅದೂ ಕೊಪ್ಪಲಿನ ನಾಲ್ಕು ಜನರ ಎದುರಿಗೆ, ಒಂದು ಮಾತು ಇಟ್ಟು:

"ಆಯ್ತು ಕಣವ್ವ, ಸೇರ್ಸ್‌ಕೊಳ್ಳಾನ. ಆದ್ರೆ ಕೇಳ್ಕೊ. ಗುಡ್ಡೆ ಅಂದ್ಮೇಲೆ ಕರೆದೋರು ಒಬ್ರೂ ಬರಿಗೈಲಿ ಓಗ್ಬಾರ್ದು. ಒಬ್ಬೇ ಒಬ್ರು ಬರಿ ಪಾತ್ರೆ ತಕ್ಕೊಂಡು ತಿರುಗ್ಕೊಂಡ್ರೆ, ಬರೋ ವರ್ಸದಿಂದ ನಮ್ಮೂರ್ಗೆ ನಾವೇ. ಆಮೇಲೆ ಈ ಮಾತು ಎತ್ತಂಗಿಲ್ಲ."

"ಎತ್ತಲ್ಲ ಮಾವ," ಎಂದಳು ನಾಗಶ್ರೀ. ಖುಷಿಯಲ್ಲಿ ಆ ಮಾತಿನ ಭಾರ ಅವಳಿಗೆ ತಿಳಿಯಲಿಲ್ಲ.

ಭಾನುವಾರಗಳಲ್ಲಿ ಅವಳು ಬಡಾವಣೆಯ ಮೆಟ್ಟಿಲು ಮೆಟ್ಟಿಲು ಹತ್ತಿ, ಬಾಗಿಲು ತಟ್ಟಿ, "ಹೊಸತೊಡಕಿಗೆ ಗುಡ್ಡೆ ಹಾಕ್ತೀವಿ, ಪಾತ್ರೆ ತಗೊಂಡು ಬನ್ನಿ, ದುಡ್ಡು ಆಮೇಲೆ ಕೊಡಿ" ಎಂದು ಕರೆದಳು. ಬೆಳಗಿನ ಹೊತ್ತು ಲಿಂಗಯ್ಯ ಟವೆಲ್ಲು ಹೆಗಲಿಗೆ ಹಾಕಿಕೊಂಡು, ತನ್ನ ಹಳೆಯ ಗದ್ದೆಬದುವಿನ ಮೇಲೆ ಎದ್ದಿದ್ದ ಕ್ರಾಸುಗಳಲ್ಲಿ ಓಡಾಡಿ ಮನೆಗಳನ್ನು ಎಣಿಸಿದ. ಎರಡು ಮರಿ ತರುತ್ತಿದ್ದ ಕಡೆ ಐದು ಮರಿ ಬಂದವು.

*

ಚಂದ್ರ ಕಂಡ ಸ್ವಲ್ಪ ಹೊತ್ತಿಗೆ ಜಕೀವುಲ್ಲಾನೇ ರಸ್ತೆ ದಾಟಿ ಬಂದ. ಜಗಲಿಯಲ್ಲಿ ಲಿಂಗಯ್ಯ, ಅವನ ಹೆಂಡತಿ ಪಟ್ಟಲಮ್ಮ, ಒಬ್ಬಟ್ಟು ತಿನ್ನಲು ಬಂದಿದ್ದ ಕೆಂಪಸಿದ್ದಯ್ಯ ಕೂತಿದ್ದರು.

"ಲಿಂಗಣ್ಣ, ನಾಳೆ ಒಸಿ ತಡ ಆಯ್ತದೆ. ನಮಾಜು ಮುಗಿಸ್ಕೊಂಡು ಬತ್ತೀನಿ."

"ತಡ ಅಂದ್ರೆ?" ಎಂದ ಕೆಂಪಸಿದ್ದಯ್ಯ. "ಒತ್ತು ಉಟ್ಟೋಕೆ ಮುಂಚೆ ಕುಯ್ದು, ಬಿಸಿಲೇರೋ ಒತ್ಗೆ ಒಲೆ ಮೇಲೆ ಇರ್ಬೇಕು. ಬ್ಯಾರೆ ಯಾರ್ನಾದ್ರೂ ಕರೆಸಾನ ಬುಡು ಲಿಂಗಣ್ಣ."

ಲಿಂಗಯ್ಯ ಅವನನ್ನು ಒಮ್ಮೆ ನೋಡಿದ. "ನಿನ್ನ ಮದ್ವೆ ಬಾಡು ಕುಯ್ದೋರ್ಯಾರ್ಲಾ ಸಿದ್ದ?"

"ಇವ್ರಪ್ಪ."

"ಅವತ್ತು ಆ ಸಾಬ್ರು ಎಷ್ಟೊತ್ಗೆ ಬಂದ್ರು?"

ಕೆಂಪಸಿದ್ದಯ್ಯ ಒಬ್ಬಟ್ಟು ಮುರಿದ. ಪಟ್ಟಲಮ್ಮ ಬಿಡಲಿಲ್ಲ. "ಮಧ್ಯಾಹ್ನ ಬಂದ್ರು. ಮದ್ವೆ ಗಂಡು ಇವ್ನು ಅಸ್ಕೊಂಡು ಅಡಿಗೆ ಮನೇಲಿ ಬೆಲ್ಲ ಕದೀತಿದ್ದ."

"ಅಕ್ಕಯ್ಯ, ಅದನ್ಯಾಕೆ ಈಗ!"

ಎಲ್ಲರೂ ನಕ್ಕರು. ಜಕೀವುಲ್ಲಾ ಹೊರಡುವಾಗ ಮೆಟ್ಟಿಲ ಮೇಲೆ ನಿಂತು ನಾಗಶ್ರೀಗೆ ಮಾತ್ರ ಕೇಳುವಂತೆ, "ನಮ್ಮಪ್ಪನ ಜೊತೆ ಚಿಕ್ಕವನಾಗಿದ್ದಾಗಿಂದ ಇಲ್ಲಿಗೆ ಬತ್ತಾ ಇವ್ನಿ ಕಣಮ್ಮ. ಕುಯ್ದು, ತಲೆ, ಚರ್ಮ ತಕ್ಕೊಂಡು ಓಯ್ತಿದ್ದೆ. ನಾಳೆ ಮೊದಲ್ನೇ ಸಲ ನಮ್ಮನೆ ಗುಡ್ಡೆ ಕೂಗ್ತಾರೆ," ಎಂದ. ಈದ್ ಚಂದ್ರ ಕಂಡ ಖುಷಿಯ ಮೇಲೆ ಈ ಇನ್ನೊಂದು ಖುಷಿಯೂ ಅವನ ಮುಖದಲ್ಲಿತ್ತು.

*

ಬೆಳಿಗ್ಗೆ ಹೊಂಗೆಮರದ ಕೆಳಗೆ ಜಾತ್ರೆಯಂತೆ ಜನ. ಎಂದಿನಂತೆ ಮುಂಜಾವದಲ್ಲೇ ಮುಗಿದಿದ್ದರೆ ಬಡಾವಣೆಯ ಅರ್ಧ ಜನ ಹಾಸಿಗೆಯಲ್ಲೇ ಇರುತ್ತಿದ್ದರು. ಹೊತ್ತೇರಿದ್ದರಿಂದ ಎಲ್ಲರೂ ಎದ್ದು, ಮಿಂದು ಬಂದಿದ್ದರು. ಕೊಪ್ಪಲಿನವರ ಕೈಯಲ್ಲಿ ಸಿಲ್ವಾರದ ತಪ್ಪಲೆ, ಬಡಾವಣೆಯವರ ಕೈಯಲ್ಲಿ ಕುಕ್ಕರು, ಬಿರಿಯಾನಿ ಡಬ್ಬ, ಒಬ್ಬನ ಕೈಯಲ್ಲಿ ಐಸ್‌ಕ್ರೀಮಿನ ದೊಡ್ಡ ಡಬ್ಬ. ಕನ್ನಡ, ಉರ್ದು, ತೆಲುಗು, ಹಿಂದಿ, ಒಡಿಯಾ ಎಲ್ಲ ಒಟ್ಟಿಗೆ ಕಿವಿಗೆ ಬೀಳುತ್ತಿತ್ತು. ನಾಗಶ್ರೀ ಆ ಕಡೆ ಈ ಕಡೆ ಓಡಾಡಿ ಎಲ್ಲರನ್ನೂ ಕೂರಿಸಿದಳು. ಪ್ರಿಯಾಂಕ ಬಂದಿದ್ದಳು, ಅದೇ ಸ್ಟೀಲ್ ಡಬ್ಬ ಹಿಡಿದು. ಈ ಸಲ ಅವಳಿಗೆ ಕನ್ನಡ ಬರುತ್ತಿತ್ತು.

"ಅಕ್ಕಾ, ಸಿಗ್ತದೆ ಅಲ್ವಾ?"

"ಸಿಗ್ದೇ ಎಲ್ಲಿಗೆ ಓದಾತು! ನೀನು ನನ್ ಪಕ್ದಲ್ಲೇ ನಿಂತ್ಕೊ."

ಸ್ಕೂಟರ್ ಬಂದು ನಿಂತಿತು. ಬಿಳಿ ಜುಬ್ಬ, ಅತ್ತರಿನ ಘಮ. ಜಕೀವುಲ್ಲಾನನ್ನು ಕಂಡು ಜನ ಸಿಳ್ಳೆ ಹೊಡೆದರು. "ಈದ್ ಮುಬಾರಕ್ ಸಾಬ್ರೇ, ಒಟ್ಟೆ ಕೂಗ್ತಾ ಅದೆ!" ಎಂದ ಕೆಂಪಸಿದ್ದಯ್ಯ. ಜಕೀವುಲ್ಲಾ ಮರದ ಹಿಂದೆ ಹೋಗಿ ಜುಬ್ಬ ಬಿಚ್ಚಿ, ಹಳೇ ಲುಂಗಿ ಸುತ್ತಿಕೊಂಡು ಬಂದ. ಆಮೇಲೆ ಅವನ ಕೈ ನಿಲ್ಲಲಿಲ್ಲ. ಕುಯ್ದು, ಸುಲಿದು, ತುಂಡು ಮಾಡಿ, ಟಾರ್ಪಾಲಿನ ಮೇಲೆ ಸಾಲಾಗಿ ಹಾಸಿದ ಎಲೆಗಳಿಗೆ ಒಂದು ಹಿಡಿ ಅಲ್ಲಿ, ಒಂದು ಹಿಡಿ ಇಲ್ಲಿ. ಹಾಕಿದ ಗುಡ್ಡೆಯಿಂದ ಒಂದು ತುಂಡು ತೆಗೆದು ಪಕ್ಕದ್ದಕ್ಕೆ ಎಸೆಯುತ್ತಿದ್ದ. ಕೊನೆಗೆ ಎದ್ದು ನಿಂತು ಕಣ್ಣು ಕಿರಿದು ಮಾಡಿ ಸಾಲನ್ನು ನೋಡಿ, "ಆಯ್ತು ಲಿಂಗಣ್ಣ. ನೀನು ಏಳಿದಷ್ಟು ಮನೆ, ಅಷ್ಟು ಗುಡ್ಡೆ," ಎಂದ.

ಲಿಂಗಯ್ಯ ಗುಡ್ಡೆಗಳಿಗೆ ಬೆನ್ನು ಮಾಡಿ ನಿಂತ. ಅವನೆದುರಿಗೆ ಈಗ ಬಡಾವಣೆ. ಕೂಗು ಮುಗಿಯುವವರೆಗೆ ಅವನು ತಿರುಗುವಂತಿಲ್ಲ. ತಿರುಗಿದರೆ ಆ ವರ್ಷದ ಗುಡ್ಡೆ ಮುಗಿದಂತೆ. ಅಶೋಕ್ ಕೋಲು ಹಿಡಿದ.

"ಇದು ಯಾರ್ದು?"

"ನಮ್ಮ ಸಿದ್ದಂದು!"

ಕೆಂಪಸಿದ್ದಯ್ಯ ಓಡಿಬಂದು ಎತ್ತಿಕೊಂಡು, ಹೆಂಡತಿಯ ಕೈಗೆ ಕೊಟ್ಟು ಮನೆಗೆ ಓಡಿಸಿದ. ಕೊಪ್ಪಲಿನ ಮನೆಗಳು ಒಂದಾದ ಮೇಲೊಂದು ಬಂದವು. ಕೆಂಚನ ಮನೆ, ಹಿತ್ತಲ ಮನೆ, ಗಾಣದ ಮನೆ, ಲಿಂಗಯ್ಯನ ಸ್ವಂತ ಮನೆ. ಪಟ್ಟಲಮ್ಮ ತನ್ನ ಪಾಲು ಎತ್ತಿಕೊಂಡು ಅಲ್ಲೇ ಮರಕ್ಕೆ ಒರಗಿ ಕೂತಳು. ನಂತರ ಬಡಾವಣೆಯ ಸರದಿ.

"ಇದು ಯಾರ್ದು?"

"ಕತ್ತೆಹಳ್ಳ!"

ಯಾರೂ ಎದ್ದು ಬರಲಿಲ್ಲ. ನಾಗಶ್ರೀ ಆಗ ನಗು ತಡೆಯಲಾಗದೆ, ಮೊದಲ ಸಾಲಿನಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕೂತಿದ್ದವನಿಗೆ, "ಸಾರ್, ಅದು ನಿಮ್ಮನೇನೇ. ನೀವು ಗ್ರೀನ್ ವಿಲ್ಲಾ ಅಂತ ಬೋರ್ಡ್ ಹಾಕಿದೀರಲ್ಲ, ಅಲ್ಲಿ ಮುಂಚೆ ಕತ್ತೆ ಮೇಯ್ತಿದ್ವು," ಎಂದಳು. ಅವನ ಹೆಂಡತಿಯೇ ಮೊದಲು ನಕ್ಕದ್ದು. ಲಿಂಗಯ್ಯನಿಗೆ ಬಡಾವಣೆಯವರ ಹೆಸರು ಗೊತ್ತಿರಲಿಲ್ಲ, ಅವರ ಅಡಿಯ ನೆಲದ ಹೆಸರು ಗೊತ್ತಿತ್ತು. ಆಮೇಲೆ ಪ್ರತಿ ಕೂಗಿಗೂ ಜನ ಕಾತರದಿಂದ ಕಾದರು, ತಮ್ಮ ಮನೆ ಯಾವ ಗದ್ದೆಯ ಮೇಲೆ ನಿಂತಿದೆಯೋ ಎಂದು.

"ಇದು ಯಾರ್ದು?"

"ಮೂಡಲಗದ್ದೆ!"

"ಅದ್ಯಾರು?" ಎಂದ ಜಕೀವುಲ್ಲಾ, ಸುತ್ತ ನೋಡಿ.

"ನೀನೇ ಕಣ್ಲಾ ಜಕೀ! ನಿನ್ನ ಮಂಚ ಆಕಿರೋ ಜಾಗ್ದಾಗೆ ನಾನು ನಾಟಿ ಆಕಿವ್ನಿ!" ಎಂದ ಲಿಂಗಯ್ಯ, ತಿರುಗದೆಯೇ. ಜಕೀವುಲ್ಲಾ ಕೈ ಒರೆಸಿಕೊಂಡು ತನ್ನ ಗುಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ತಾನೇ ಹಾಕಿದ ಗುಡ್ಡೆಯನ್ನು ಹೊಸದಾಗಿ ನೋಡುವವನಂತೆ ನೋಡಿ, ಎಲೆ ಸಮೇತ ಎರಡೂ ಕೈಯಲ್ಲಿ ಎತ್ತಿದ.

"ಇದು ಯಾರ್ದು?"

"ಬಾಳೆಗುಂಡಿ!"

ಅದು ಬ್ಯಾಂಕಿನ ಕವಿತಳ ಮನೆ. ಮೂರಂತಸ್ತು, ನೀಲಿ ಗೇಟು. ಕವಿತ ಮಾಂಸ ತಿನ್ನುವವಳಲ್ಲ. "ನಾವು ತಿನ್ನಲ್ಲ ನಾಗಶ್ರೀ, ಆದ್ರೆ ನಮ್ಮನೆ ಹೆಸರು ಏನಂತ ಕೂಗ್ತಾರೋ ಕೇಳಬೇಕು" ಎಂದು ಬಂದು ಕೂತಿದ್ದಳು. "ಬಾಳೆಗುಂಡಿ! ನಂದು ಬಾಳೆಗುಂಡಿ!" ಎಂದು ಚಪ್ಪಾಳೆ ತಟ್ಟಿದಳು.

ಅವಳ ಹಿಂದೆ ಎದ್ದು ನಿಂತವರನ್ನು ನೋಡಿ ನಾಗಶ್ರೀ ಎಣಿಸತೊಡಗಿದಳು. ನಡುವಿನ ಮಹಡಿಯ ಅನಂತಪುರದ ದಂಪತಿ, ಅವರ ಪಕ್ಕದ ಫ್ಯಾಕ್ಟರಿ ಹುಡುಗರು, ತಾರಸಿಯ ರೂಮಿನವರು, ಕೆಳಗೆ ಗ್ಯಾರೇಜಿನ ಹಿಂದಿನ ಕೋಣೆಯ ಬಿಹಾರದ ಸಂಸಾರ, ಎಲ್ಲರೂ ಪಾತ್ರೆ ಹಿಡಿದು ಒಂದೇ ಗುಡ್ಡೆಯ ಮುಂದೆ ಬಂದು ನಿಂತರು. ಅವಳ ಪಕ್ಕದಿಂದ ಪ್ರಿಯಾಂಕಳೂ ಒಂದು ಹೆಜ್ಜೆ ಮುಂದೆ ಇಟ್ಟಳು. ಅವಳದೂ ಅದೇ ನೀಲಿ ಗೇಟು.

ನಾಗಶ್ರೀಗೆ ಆಗ ಹೊಳೆಯಿತು. ಅವಳು ಮೆಟ್ಟಿಲು ಹತ್ತಿ ಬಾಗಿಲು ಬಾಗಿಲಿಗೂ ಹೇಳಿ ಬಂದಿದ್ದಳು. ಮಾವ ಬೀದಿಯಲ್ಲಿ ನಡೆದು ಗೇಟು ಎಣಿಸಿದ್ದ. ಕೊಪ್ಪಲಿನಲ್ಲಿ ಒಂದು ಬಾಗಿಲಿಗೆ ಒಂದು ಮನೆ. ಅವನಿಗೆ ಬೇರೆ ಎಣಿಕೆ ಗೊತ್ತಿರಲಿಲ್ಲ. ಇನ್ನೂ ಕೂಗದ ಗುಡ್ಡೆಗಳು ಕೆಲವೇ ಉಳಿದಿದ್ದವು. ಪಾತ್ರೆ ಹಿಡಿದು ಕೂತವರು ಅದಕ್ಕಿಂತ ಎಷ್ಟೋ ಹೆಚ್ಚು.

"ಏನ್ಲಾ ಸದ್ದೇ ಇಲ್ಲ? ಎತ್ಕೊಂಡ್ರಾ?" ಎಂದ ಲಿಂಗಯ್ಯ.

ಅಶೋಕ್ ಹೆಂಡತಿಯ ಮುಖ ನೋಡಿದ. ಕೋಲು ಇನ್ನೂ ಆ ಗುಡ್ಡೆಯ ಮೇಲೇ ಇತ್ತು.

*

"ಲಿಂಗಣ್ಣ, ಒಂದು ಗುಡ್ಡೆಗೆ ಒಂದು ಬಸ್ಸು ಜನ ನಿಂತವ್ರೆ!" ಎಂದು ಕೆಂಪಸಿದ್ದಯ್ಯನೇ ಕೂಗಿ ಹೇಳಿದ. "ಬಾಡಿಗೆಯೋರೆಲ್ಲ ಬಂದ್ಬುಟ್ಟವ್ರೆ. ನಾನು ಆವತ್ತೇ ಬಡ್ಕೊಂಡೆ!"

ಅನಂತಪುರದ ಗಂಡಸು ಸಂಕೋಚದಿಂದ, "ಪರ್ವಾಗಿಲ್ಲ, ಬಿಡಿ, ನಾವು ಅಂಗಡೀಲಿ ತಗೋತೀವಿ," ಎಂದು ಕುಕ್ಕರಿನ ಮುಚ್ಚಳ ಹಾಕಿದ. ಫ್ಯಾಕ್ಟರಿ ಹುಡುಗರು ಹಿಂದೆ ಸರಿದರು. ಪ್ರಿಯಾಂಕ ಡಬ್ಬವನ್ನು ದುಪಟ್ಟಾದೊಳಗೆ ಮುಚ್ಚಿಕೊಂಡು ತಿರುಗಿದಳು.

ನಾಗಶ್ರೀ ಅವಳ ಮಣಿಕಟ್ಟು ಹಿಡಿದಳು. "ನಿಂತ್ಕೊ."

"ಬಿಡಿ ಅಕ್ಕಾ."

"ನಿಂತ್ಕೊ ಅಂದೆ! ಯಾರೂ ಒಂದು ಹೆಜ್ಜೆ ಎತ್ತಬೇಡಿ!" ಅವಳ ದನಿ ಅವಳಿಗೇ ಹೊಸದಾಗಿತ್ತು, ಫ್ಯಾಕ್ಟರಿಯ ಮಿಷನ್ನುಗಳ ಗದ್ದಲವನ್ನು ಮೀರಿಸಿ ಕೂಗುವ ದನಿ. "ಮಾವ, ನೀವು ತಿರುಗಬೇಡಿ. ತಪ್ಪಾಗ್ಬುಟ್ಟದೆ. ನೀವು ಗೇಟು ಎಣಿಸೀರಿ, ನಾನು ಒಳಗಿನ ಸಂಸಾರಗಳನ್ನ ಕರೆದಿವ್ನಿ."

ಲಿಂಗಯ್ಯನ ಬೆನ್ನು ಮಾತ್ರ ಕಾಣುತ್ತಿತ್ತು. ಟವೆಲ್ಲಿನ ಎರಡು ತುದಿಯನ್ನೂ ಹಿಡಿದು ನಿಂತಿದ್ದ. ಒಬ್ಬೇ ಒಬ್ಬರು ಎಂದು ಅವನೇ ನಾಲ್ಕು ಜನರ ಎದುರಿಗೆ ಹೇಳಿದ್ದ. ಆ ನಾಲ್ಕು ಜನ ಇಲ್ಲೇ ಇದ್ದರು.

ಕವಿತ ಮುಂದೆ ಬಂದು, "ಅಜ್ಜಾ, ನನ್ನ ಗುಡ್ಡೆ ಇದೆಯಲ್ಲ. ನಾನು ತಿನ್ನಲ್ಲ. ಈ ಹುಡುಗಿಗೆ ಕೊಟ್ಟುಬಿಡಿ," ಎಂದಳು.

"ಆಗಕಿಲ್ಲ ಕಣವ್ವ." ಲಿಂಗಯ್ಯನ ದನಿ ಗಡಸಾಗಿತ್ತು. "ಒಬ್ರ ಪಾಲ್ನ ಇನ್ನೊಬ್ರಿಗೆ ಕೊಟ್ರೆ ಅದು ದಾನ ಆಯ್ತದೆ. ಗುಡ್ಡೆ ಆಗಕಿಲ್ಲ."

"ಹಾಗಾದ್ರೆ ಕೆಡವಿ ಮತ್ತೆ ಹಾಕಾನ," ಎಂದಳು ನಾಗಶ್ರೀ.

"ಇಕ್ಕಿದ ಗುಡ್ಡೆ ಕೆಡವೋದಾ?" ಕೆಂಪಸಿದ್ದಯ್ಯ ಹೌಹಾರಿದ. "ನಾನು ಉಟ್ಟಿದಾಗಿಂದ ಕಂಡಿಲ್ಲ. ಬಾಡಿಗೆಯೋರು ಇವತ್ತು ಇರ್ತಾರೆ, ನಾಳೆ ಓಯ್ತಾರೆ. ಅವ್ರಿಗೆ ಊರು ಎಲ್ಲದೆ, ಮನೆ ಎಲ್ಲದೆ?"

ಮರಕ್ಕೆ ಒರಗಿ ಕೂತಿದ್ದ ಪಟ್ಟಲಮ್ಮ ಆಗ ಎದ್ದಳು. ಗಂಡನ ಬೆನ್ನ ಹಿಂದೆ ಬಂದು ನಿಂತು, ಬೆನ್ನಿಗೇ ಮಾತಾಡಿದಳು.

"ಇಗೋ, ಕೇಳ್ರಿ ಇಲ್ಲಿ. ನೀವೂ ನಿಮ್ ತಮ್ಮನೂ ಪಾಲಾದ್ರಲ್ಲ, ಆವತ್ತು ಮನೆಗೆ ಬಾಗ್ಲು ಎಷ್ಟಿತ್ತು?"

"ಒಂದು," ಎಂದ ಲಿಂಗಯ್ಯ.

"ಒಲೆ?"

ಲಿಂಗಯ್ಯ ಟವೆಲ್ಲಿನ ಒಂದು ತುದಿ ಬಿಟ್ಟ.

"ನಾನೇ ಕಲ್ಲು ಊಡಿ ಬ್ಯಾರೆ ಒಲೆ ಆಕ್ದೆ. ಅದೇ ವರ್ಸ ಒಸತೊಡ್ಕಿಗೆ ನಿಮ್ಮಪ್ಪ ಇಲ್ಲೇ ನಿಂತು ಕೂಗ್ದ. ಒಂದು ಕೂಗ್ದನಾ, ಎರಡು ಕೂಗ್ದನಾ?"

"ಎರಡು."

"ಆವಾಗ ನಮ್ಗೆ ಏನಿತ್ತು? ಗೋಡೆ ಇತ್ತಾ, ಸೂರಿತ್ತಾ, ಒಂದು ಅಂಗೈ ಗದ್ದೆ ಇತ್ತಾ? ಒಲೆ ಇತ್ತು, ಅಷ್ಟೇ. ಒಲೆ ನೋಡಿ ಗುಡ್ಡೆ ಕೊಟ್ಟ." ಅವಳು ಕೆಂಪಸಿದ್ದಯ್ಯನ ಕಡೆ ತಿರುಗಿದಳು. "ಮನೆ ಎಲ್ಲದೆ ಅಂತೀಯಲ್ಲ. ಸಂಜೆ ಆ ನೀಲಿ ಗೇಟಿನ ಮುಂದೆ ಒಂದು ಗಳಿಗೆ ನಿಂತ್ಕೊಳ್ಲಾ ಸಿದ್ದ, ಎಷ್ಟು ಥರ ಒಗ್ಗರಣೆ ವಾಸ್ನೆ ಬತ್ತದೆ ಅಂತ ಗೊತ್ತಾಯ್ತದೆ."

ಹೇಳಿ ಮುಗಿಸಿದವಳೇ ತನ್ನ ತಪ್ಪಲೆಯನ್ನು ಟಾರ್ಪಾಲಿನ ನಡುವಿಗೆ ಬೋರಲು ಹಾಕಿದಳು. "ಸಾಬ್ರೇ, ಇಕ್ಕಿ ಮತ್ತೆ."

ಲಿಂಗಯ್ಯನ ಬೆನ್ನು ಅಲುಗಿತು. ನಗುತ್ತಿದ್ದಾನೋ ಅಳುತ್ತಿದ್ದಾನೋ ಹಿಂದಿನಿಂದ ಗೊತ್ತಾಗಲಿಲ್ಲ.

"ನಾನಿನ್ನೂ ತಿರುಗಿಲ್ಲ ಕಣ್ರಪ್ಪಾ!" ಎಂದು ಕೂಗಿದ. "ಕೂಗು ಮುಗಿದಿಲ್ಲ. ಒಲೆಗೊಂದು ಗುಡ್ಡೆ! ತಂದ್ ಸುರೀರಿ ಎಲ್ಲಾ!"

ಆಮೇಲೆ ಆದದ್ದು ಗಲಾಟೆಯೋ ಹಬ್ಬವೋ. ಕೊಪ್ಪಲಿನ ಹೆಂಗಸರು ಮನೆಗೆ ಓಡಿದರು, ತಪ್ಪಲೆ ಹೊತ್ತು ವಾಪಸು ಓಡಿ ಬಂದರು. ಗ್ರೀನ್ ವಿಲ್ಲಾದವನು ಕೂಲಿಂಗ್ ಗ್ಲಾಸ್ ಜೇಬಿಗಿಟ್ಟು ಎಲೆ ಹಾಸಲು ಕೂತ. ಫ್ಯಾಕ್ಟರಿ ಹುಡುಗರು ಬಾಳೆತೋಟಕ್ಕೆ ನುಗ್ಗಿ ಎಲೆ ತಂದರು. ಜಕೀವುಲ್ಲಾನ ಫೋನು ಬಡಿದುಕೊಳ್ಳುತ್ತಲೇ ಇತ್ತು. ರಕ್ತದ ಕೈಯಲ್ಲಿ ಹಿಡಿಯಲಾಗದೆ ನಾಗಶ್ರೀಯೇ ಅವನ ಕಿವಿಗೆ ಹಿಡಿದಳು. "ಮಾವಾ, ಚನ್ನಪಟ್ಟಣದ ನೆಂಟ್ರು ಬಂದು ಕುಂತವ್ರೆ!" ಎಂದಳು ರುಕ್ಸಾರ್.

"ಸುರಕುಂಬ ಪಾಯ್ಸ ಕೊಟ್ಟು ಕೂರ್ಸು! ಇಲ್ಲಿ ಗುಡ್ಡೆ ಕೆಡವಿವ್ನಿ!"

"ಏನು ಕೆಡವಿದ್ರಿ?"

"ಬಂದು ನೋಡು! ನೆಂಟ್ರನ್ನೂ ಕರ್ಕೊಂಡು ಬಾ, ಎಲೆ ಇಡ್ಕಳೋಕೆ ಕೈ ಸಾಲ್ದು!"

ತನ್ನ ಗುಡ್ಡೆಯನ್ನೂ ಅವನು ರಾಶಿಗೆ ಹಾಕಿ, ಈ ಸಲ ಬಂದವರ ಪಾತ್ರೆ ಎಣಿಸಿ ಅದರ ಲೆಕ್ಕಕ್ಕೆ ಮತ್ತೆ ಹಿಡಿಹಿಡಿಯಾಗಿ ಹಂಚತೊಡಗಿದ. ಗುಡ್ಡೆಗಳು ಸಣ್ಣವಾದವು, ಎಲೆಗಳ ಸಾಲು ಹೊಂಗೆಮರದ ನೆರಳು ದಾಟಿ ಬಿಸಿಲಿಗೆ ಹೋಯಿತು.

ಉಳಿದದ್ದು ಕೆಂಪಸಿದ್ದಯ್ಯನ ಪಾಲು. ಎಲ್ಲರೂ ಅವನನ್ನೇ ನೋಡಿದರು.

"ನನ್ನೇನ್ ನೋಡ್ತೀರಿ? ನನ್ ಎಂಡ್ರು ಆವಾಗ್ಲೇ ಒಲೆ ಮೇಲೆ ಇಟ್ಟವ್ಳೆ. ಖಾರ ಆಕಾಗದೆ!"

"ಹಂಗಾದ್ರೆ ಅದ್ನೇ ತಾ!" ಎಂದಳು ಪಟ್ಟಲಮ್ಮ.

ಅವನು ಗೊಣಗುತ್ತ ಹೋದ. ಬರುವಾಗ ಮಾತ್ರ ಓಡಿಯೇ ಬಂದ, ಕೈಗೆ ಬಟ್ಟೆ ಸುತ್ತಿಕೊಂಡು, ಹಬೆಯಾಡುವ ತಪ್ಪಲೆ ಹಿಡಿದು, ದಾರಿ ಬಿಡ್ರೋ ಸುಡ್ತದೆ ಎಂದು ಅರಚುತ್ತ. ಅರೆಬೆಂದ ಮಸಾಲೆಯ ಬಾಡನ್ನು ಎಲೆಯ ಮೇಲೆ ಹಾಕುವಂತಿರಲಿಲ್ಲ. ತಪ್ಪಲೆಯನ್ನೇ ಸಾಲಿನಲ್ಲಿ ಇಟ್ಟರು. ಅದೂ ಒಂದು ಗುಡ್ಡೆ.

*

ಅಶೋಕ್ ಮತ್ತೆ ಕೋಲು ಹಿಡಿದ. ಲಿಂಗಯ್ಯ ಗಂಟಲು ಸರಿಮಾಡಿಕೊಂಡ. ಆದರೆ ಕೂಗಲಿಲ್ಲ.

"ನಾಗಶ್ರೀ, ಬಾ ಇಲ್ಲಿ."

ಅವಳು ಹೋದಳು.

"ಗದ್ದೆ ಎಸ್ರು ನಂಗೊತ್ತು ಕಣವ್ವ. ಗದ್ದೆ ಮ್ಯಾಲೆ ಗದ್ದೆ, ಅದ್ರ ಮ್ಯಾಲೆ ಇನ್ನೊಂದು ಗದ್ದೆ ಅಂದ್ರೆ ನಾನೇನ್ ಕೂಗ್ಲಿ? ಅವ್ರ ಎಸ್ರು ನಿಂಗೊತ್ತು. ನನ್ ಪಕ್ಕ ಬಂದು ನಿಂತ್ಕೊ. ಹಿಂದಕ್ಕೆ ನೋಡಂಗಿಲ್ಲ."

ಕೊಪ್ಪಲಿನಲ್ಲಿ ಹೆಂಗಸು ಕೂಗಿದ್ದನ್ನು ಯಾರೂ ಕಂಡಿರಲಿಲ್ಲ. ಕೆಂಪಸಿದ್ದಯ್ಯ ಬಾಯಿ ತೆರೆದ. ಪಟ್ಟಲಮ್ಮ ಅವನನ್ನು ನೋಡಿದಳು. ಬಾಯಿ ಮುಚ್ಚಿದ.

ನಾಗಶ್ರೀ ಬೆನ್ನು ಮಾಡಿ ನಿಂತಳು. ಕಣ್ಣೆದುರಿಗೆ ಕ್ರಾಸುಗಳು, ನೀರಿನ ಟ್ಯಾಂಕು, ತಾರಸಿಗಳ ಮೇಲೆ ಒಣಗಿದ ಬಟ್ಟೆ.

"ಇದು ಯಾರ್ದು?"

"ಗಾಣದ ಮನೆ!" ಎಂದ ಲಿಂಗಯ್ಯ.

"ಇದು ಯಾರ್ದು?"

"ಬಾಳೆಗುಂಡಿ ನಡುಮಾಳಿಗೆ, ಅನಂತಪುರದೋರು!" ಎಂದಳು ನಾಗಶ್ರೀ. ಹಿಂದೆ ಕುಕ್ಕರಿನ ಮುಚ್ಚಳದ ಸದ್ದು, ಎಲೆ ಎತ್ತಿದ ಸರಸರ. ಅವಳ ದನಿ ಏರಿತು. ಮಾವ ಒಂದು, ಸೊಸೆ ಒಂದು. ಕೊಪ್ಪಲು ಒಂದು, ಬಡಾವಣೆ ಒಂದು. ಮೂಡಲಗದ್ದೆ ಎಂದಾಗ "ಬಂದೆ ಲಿಂಗಣ್ಣ!" ಎಂದು ಜಕೀವುಲ್ಲಾ ಈ ಸಲ ತಡಮಾಡದೆ ಓಗೊಟ್ಟ. ಗ್ಯಾರೇಜಿನ ಹಿಂದಿನ ಸಂಸಾರವನ್ನು ಕೂಗಿದಾಗ ಹಿಂದಿನಿಂದ ಒಬ್ಬ ಹೆಂಗಸು ಹಿಂದಿಯಲ್ಲಿ ಏನೋ ಹೇಳಿ ಜೋರಾಗಿ ನಕ್ಕಳು. ಆ ಹೆಂಗಸು ನಕ್ಕದ್ದನ್ನು ನಾಗಶ್ರೀ ಅವತ್ತೇ ಮೊದಲು ಕೇಳಿದ್ದು.

"ಇದು ಯಾರ್ದು?" ಅಶೋಕನ ದನಿಯಲ್ಲಿ ಏನೋ ತುಂಟತನವಿತ್ತು.

"ಪ್ರಿಯಾಂಕ!"

ಹಿಂದೆ ಜನರೆಲ್ಲ ಹೋ ಎಂದು ಕೂಗಿದರು. ಸಿಳ್ಳೆ, ಚಪ್ಪಾಳೆ. ತಿರುಗುವಂತಿಲ್ಲ. "ಏನಾಯ್ತೇ? ಏನಾಯ್ತು?" ಎಂದು ನಾಗಶ್ರೀ ಚಡಪಡಿಸಿದಳು.

"ಅಕ್ಕಾ, ನಂಗೆ ಸಾರು ಬಂತು!" ಪ್ರಿಯಾಂಕಳ ದನಿ ನಗುವಿನಲ್ಲಿ ಒಡೆದು ಹೋಗಿತ್ತು. "ಬಿಸಿ ಬಿಸಿ!"

"ನನ್ ಎಂಡ್ರು ಕೈ ಖಾರ ಕಣವ್ವ," ಕೆಂಪಸಿದ್ದಯ್ಯನ ಗೊಣಗು ಅದರ ಹಿಂದೆಯೇ ಬಂತು. "ಇನ್ನೊಸಿ ಬೇಯ್ಬೇಕು. ಉಪ್ಪು ನೋಡ್ಕೊ. ತಪ್ಪಲೆ ಸಂಜಿಕೆ ತಂದ್ಕೊಡು, ಇಲ್ದಿದ್ರೆ ಅವ್ಳು ನನ್ನ ಒಳಗೆ ಸೇರ್ಸಕಿಲ್ಲ."

ಕೂಗು ಮುಂದುವರಿಯಿತು. ನಾಗಶ್ರೀಗೆ ಗೊತ್ತಿದ್ದ ಹೆಸರುಗಳೆಲ್ಲ ಮುಗಿದವು. ಲಿಂಗಯ್ಯನ ಮನೆಗಳೂ ಮುಗಿದವು. ಆಗ ಅಶೋಕ್ ಮತ್ತೊಮ್ಮೆ ಕೇಳಿದ:

"ಇದು ಯಾರ್ದು?"

ಮಾವ ಸೊಸೆ ಮುಖ ಮುಖ ನೋಡಿಕೊಂಡರು. ಅವಳ ನೆನಪಿನಲ್ಲಿ ಇನ್ನು ಯಾವ ಬಾಗಿಲೂ ಇರಲಿಲ್ಲ.

"ಯಾರಪ್ಪಾ ಉಳಿದೋರು?" ಎಂದಳು, ಬಡಾವಣೆಯ ಕಡೆಗೇ ಮುಖ ಮಾಡಿ. "ನಿಮ್ಮ ಹೆಸ್ರು ನಂಗೊತ್ತಿಲ್ಲ. ನೀವೇ ಹೇಳಿ."

ಬಹಳ ಹಿಂದಿನಿಂದ ಒಬ್ಬ ಗಂಡಸಿನ ದನಿ ಬಂತು. "ರವಿಚಂದ್ರ ಅಂತ. ಮಳವಳ್ಳಿ ಕಡೆಯೋನು. ಬಾಳೆಗುಂಡಿ ಮೇಲಿನ ರೂಮಿಗೆ ಹೋದ ವಾರ ಬಂದೆ. ನಂಗಿನ್ನೂ ಗ್ಯಾಸು ಬಂದಿಲ್ಲ, ಒಲೆ ಇಂಡಕ್ಷನ್ನು. ಅದು ನಡೀತದಾ?"

ಲಿಂಗಯ್ಯ ಸೊಸೆಯನ್ನು ಕೇಳಿದ, "ಅದೇನವ್ವಾ ಅದು?"

"ಕರೆಂಟಿನ ಒಲೆ ಮಾವ."

"ಅನ್ನ ಬೇಯ್ತದಾ?"

"ಬೇಯ್ತದೆ."

"ಹಂಗಾದ್ರೆ ಕೂಗು ಮತ್ತೆ, ನಿಂತ್ಕೊಂಡು ಏನ್ ನೋಡ್ತೀಯ!"

"ಬಾಳೆಗುಂಡಿ ತುದಿಮಾಳಿಗೆ ರವಿಚಂದ್ರ!" ಎಂದು ನಾಗಶ್ರೀ ಕೂಗಿದ್ದು ರಸ್ತೆಯಾಚೆಯ ಗೋಡೆಗೆ ಬಡಿದು ವಾಪಸು ಬಂತು. ಹೆಜ್ಜೆಗಳು ಓಡಿ ಬಂದವು. ಕೊನೆಯ ಎಲೆ ಎದ್ದಿತು.

"ಮೊದ್ಲು ನೀನು ತಿರುಗು," ಎಂದ ಲಿಂಗಯ್ಯ. "ನೋಡಿ ಏಳು. ಯಾರಾದ್ರೂ ಬರಿ ಪಾತ್ರೆ ಇಡ್ಕೊಂಡವ್ರಾ?"

ಅವಳು ತಿರುಗಿದಳು. ಟಾರ್ಪಾಲಿನ ಮೇಲೆ ಒಂದೂ ಎಲೆ ಇರಲಿಲ್ಲ. ಕುಕ್ಕರು, ಡಬ್ಬ, ತಪ್ಪಲೆ, ಬುಟ್ಟಿಗಳನ್ನು ಒಂದೊಂದಾಗಿ ನೋಡಿದಳು, ಅವಸರ ಮಾಡಲಿಲ್ಲ. ಯಾರೂ ಹೊರಟಿರಲಿಲ್ಲ. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು.

"ಇಲ್ಲ ಮಾವ. ಒಬ್ರೂ ಇಲ್ಲ."

ಲಿಂಗಯ್ಯ ತಿರುಗಿದ. ಅಷ್ಟು ಜನರನ್ನು ಒಟ್ಟಿಗೆ ಕಂಡು ಅವನ ಹುಬ್ಬು ಮೇಲೇರಿತು. ಆಮೇಲೆ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಜಕೀ, ಬರೋ ವರ್ಸಕ್ಕೆ ಮರಿ ಈಗ್ಲಿಂದ್ಲೇ ನೋಡ್ಬೇಕು ಕಣ್ಲಾ," ಎಂದ. "ಈ ಜನ ನೋಡಿದ್ರೆ ಐದು ಸಾಲಂಗಿಲ್ಲ."